ರಟ್ಟಿನ ಕತ್ತಿಗೆ ನುಣುಪು ಬರಬೇಕಾದರೆ

ಬೇಲೂರು ತಾಲ್ಲೂಕಿನ ಪ್ರೌಢಶಾಲೆಯ ಮೇಷ್ಟ್ರೊಬ್ಬರು ಕೇಳಿದ್ದಾರೆ:

“ಸಾರ್, ಡಿಸೆಂಬರ್ ಕೊನೆಗೆ ನಮ್ಮ ಶಾಲೆಯ ವಾರ್ಷಿಕೋತ್ಸವ. ಒಂಬತ್ತನೇ ತರಗತಿ ಮಕ್ಕಳಿಂದ ಸಳನ ಕಥೆಯ ನಾಟಕ ಆಡಿಸುತ್ತಿದ್ದೇನೆ. ಫ್ರಿಜ್ ಬಂದಿದ್ದ ರಟ್ಟಿನ ಪೆಟ್ಟಿಗೆ ಕತ್ತರಿಸಿ, ಎರಡೆರಡು ಪದರ ಫೆವಿಕಾಲ್‌ನಲ್ಲಿ ಅಂಟಿಸಿ ಆರು ಕತ್ತಿ ಮಾಡಿದ್ದೇವೆ. ಆಕಾರ ಚೆನ್ನಾಗಿ ಬಂದಿದೆ. ಆದರೆ ಅಂಚಿನ ತುಂಬ ತೂತು, ಮೈ ಮೇಲೆ ಗೆರೆ. ಸ್ಯಾಂಡ್‌ಪೇಪರ್ ಹಾಕಿ ತಿಕ್ಕಿದರೆ ನುಣುಪಾಗುವ ಬದಲು ಜುಂಗು ಎದ್ದಿತು. ಒಂದು ಕತ್ತಿಯ ಒಂದು ಮಗ್ಗುಲಿಗೆ ಗೋಡೆಯ ಪುಟ್ಟಿ ಬಳಿದೆ. ಒಣಗಿದ ಮೇಲೆ ಕತ್ತಿ ಬಾಗಿತು. ಹುಡುಗ ಎರಡು ಸಲ ಬೀಸಿದ್ದಕ್ಕೆ ಪುಟ್ಟಿ ಚಕ್ಕೆಚಕ್ಕೆಯಾಗಿ ಉದುರಿತು. ಇನ್ನೊಂದಕ್ಕೆ ನೇರವಾಗಿ ಸಿಲ್ವರ್ ಬಣ್ಣ ಹಚ್ಚಿದೆ, ಗೆರೆಗಳು ಮೊದಲಿಗಿಂತ ಎದ್ದು ಕಾಣುತ್ತಿವೆ. ಒಬ್ಬರು ಎಂ-ಸೀಲ್ ಅನ್ನುತ್ತಾರೆ, ಒಬ್ಬರು ಪ್ಲಾಸ್ಟರ್ ಆಫ್ ಪ್ಯಾರಿಸ್, ಗ್ಯಾರೇಜಿನವರು ಕಾರಿನ ಪುಟ್ಟಿ ಅನ್ನುತ್ತಾರೆ. ಮಕ್ಕಳು ಹಿಡಿಯುವ ಸಾಮಾನು, ಖರ್ಚೂ ಜಾಸ್ತಿ ಆಗಬಾರದು. ಏನು ಮಾಡಲಿ?”

ಮೇಷ್ಟ್ರೇ, ಆಕಾರ ಸರಿಯಾಗಿ ಬಂದಿದೆ ಅಂದರೆ ನಿಮ್ಮ ಶ್ರಮ ಎಲ್ಲೂ ಹೋಗಿಲ್ಲ. ಬಣ್ಣ ಹಚ್ಚಿದ ಕತ್ತಿಯೂ ಉಳಿಯುತ್ತದೆ. ಪುಟ್ಟಿ ಉದುರಿದ ಕತ್ತಿಯನ್ನೂ ಬಿಸಾಡಬೇಡಿ, ಅದಕ್ಕೂ ಒಂದು ಕೆಲಸ ಇದೆ.

ಹಾಸನದ ಸುತ್ತಮುತ್ತ ಪೌರಾಣಿಕ ನಾಟಕ ಆಡುವ ಊರುಗಳಿಗೆ ಕತ್ತಿ, ಗದೆ, ಕಿರೀಟ ಮಾಡಿಕೊಡುವುದು ನನ್ನ ಕೆಲಸ. ಮರ, ತಗಡು, ರಟ್ಟು ಎಲ್ಲ ಬಳಸುತ್ತೇನೆ. ರಟ್ಟಿನ ವಿಷಯದಲ್ಲಿ ಎಲ್ಲರಿಗೂ ಮೊದಲು ಹೇಳುವ ಮಾತು ಒಂದೇ. ರಟ್ಟನ್ನು ತಿಕ್ಕಿ ನುಣುಪು ಮಾಡಲು ಆಗುವುದಿಲ್ಲ. ಅದರ ಮೇಲೆ ಇನ್ನೊಂದು ಮೈ ಕಟ್ಟಬೇಕು. ಆಮೇಲೆ ಆ ಮೈಯನ್ನು ತಿಕ್ಕಬೇಕು. ನಿಮಗೆ ಬಂದಿರುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಬಂದಿರುವುದು ಇದು ಹಿಂದುಮುಂದಾಗಿದ್ದರಿಂದ.

ರಟ್ಟಿನ ಪೆಟ್ಟಿಗೆಯ ಒಂದು ತುಂಡನ್ನು ಅಡ್ಡಕ್ಕೆ ಕತ್ತರಿಸಿ ಕಣ್ಣಿನ ಹತ್ತಿರ ಹಿಡಿದು ನೋಡಿ. ಮೇಲೊಂದು ಕೆಳಗೊಂದು ಚಪ್ಪಟೆ ಹಾಳೆ, ನಡುವೆ ಅಲೆಅಲೆಯಾದ ಹಾಳೆ. ಇದು 3 ಪ್ಲೈ. ಭಾರದ ಸಾಮಾನಿನ ಪೆಟ್ಟಿಗೆ 5 ಪ್ಲೈ ಇರಬಹುದು, ಆಗ ಅಲೆಯ ಹಾಳೆ ಎರಡು. ಮೇಲಿನ ಹಾಳೆ ಅಲೆಗಳ ನೆತ್ತಿಗೆ ಮಾತ್ರ ಅಂಟಿಕೊಂಡಿರುತ್ತದೆ. ಎರಡು ನೆತ್ತಿಗಳ ನಡುವೆ ಅದಕ್ಕೆ ಆಸರೆಯೇ ಇಲ್ಲ. ನೀರಿರುವ ಅಂಟೋ ಬಣ್ಣವೋ ತಾಗಿದರೆ ಆ ಜಾಗ ಒಳಕ್ಕೆ ಕುಸಿಯುತ್ತದೆ. ನಿಮ್ಮ ಸಿಲ್ವರ್ ಕತ್ತಿಯ ಗೆರೆಗಳು ಅವೇ. ಹಾಳೆಗಳನ್ನು ಕೂಡಿಸಿರುವ ಅಂಟು ಕೂಡ ಹೆಚ್ಚಾಗಿ ಗಂಜಿಯ ಜಾತಿಯದು, ನೀರಿಗೆ ಮೆತ್ತಗಾಗುತ್ತದೆ. ಹಾಗಾಗಿ ಎರಡನೇ ಕೈ, ಮೂರನೇ ಕೈ ಬಣ್ಣ ಬಳಿದರೆ ಗೆರೆ ಮುಚ್ಚುತ್ತದೆ ಅನ್ನುವುದು ತಪ್ಪು. ಒದ್ದೆ ಜಾಸ್ತಿಯಾದಷ್ಟೂ ಕುಸಿತವೂ ಜಾಸ್ತಿ.

ಜುಂಗು ಏಳುವುದಕ್ಕೆ ಕಾರಣ ಬೇರೆ. ಕಾಗದ ಅಂದರೆ ಒತ್ತಿ ಹಾಸಿದ ನಾರು. ಸ್ಯಾಂಡ್‌ಪೇಪರಿನ ಕಾಳು ಆ ನಾರನ್ನು ಕತ್ತರಿಸುವುದಿಲ್ಲ, ಎಬ್ಬಿಸುತ್ತದೆ. ಇನ್ನೂ ತಿಕ್ಕಿದರೆ ಇನ್ನಷ್ಟು ಏಳುತ್ತದೆ, ಕೊನೆಗೆ ಹಾಳೆ ತೂತಾಗಿ ಅಲೆ ಹೊರಗೆ ಬರುತ್ತದೆ. 400 ನಂಬರಿನ ನುಣ್ಣನೆಯ ಪೇಪರ್ ಹಾಕಿದರೆ ಸರಿಹೋಗುತ್ತದೆ ಅಂತ ಹೇಳುವವರಿದ್ದಾರೆ. ಹೋಗುವುದಿಲ್ಲ. ಎದ್ದ ಜುಂಗನ್ನು ತೆಳು ಅಂಟಿನಿಂದ ಮಲಗಿಸಬೇಕು, ಅದೊಂದೇ ದಾರಿ.

ಇನ್ನು ಬಾಗಿದ್ದು. ಒಂದು ಮಗ್ಗುಲಿಗೆ ಮಾತ್ರ ಒದ್ದೆ ಪುಟ್ಟಿ ಬಳಿದಿರಿ. ಆ ಮಗ್ಗುಲ ನಾರು ನೀರು ಕುಡಿದು ಹಿಗ್ಗಿತು. ಒಣಗುವಾಗ ಪುಟ್ಟಿ ಮತ್ತು ಕಾಗದ ಎರಡೂ ಕುಗ್ಗಿ ಕತ್ತಿಯನ್ನು ತಮ್ಮ ಕಡೆಗೆ ಎಳೆದುಕೊಂಡವು. ಇನ್ನೊಂದು ಮಗ್ಗುಲಲ್ಲಿ ಎದುರು ಎಳೆಯಲು ಏನೂ ಇರಲಿಲ್ಲ. ಒಂದು ಮಗ್ಗುಲಿಗೆ ಏನು ಹಚ್ಚುತ್ತೀರೋ ಅದನ್ನೇ, ಅಷ್ಟೇ ದಪ್ಪದಲ್ಲಿ, ಅದೇ ದಿನ ಇನ್ನೊಂದು ಮಗ್ಗುಲಿಗೂ ಹಚ್ಚಿದರೆ ಈ ಸಮಸ್ಯೆ ಮುಕ್ಕಾಲು ಕಡಿಮೆಯಾಗುತ್ತದೆ.

ಚಕ್ಕೆ ಉದುರಿದ್ದಕ್ಕೆ ಪುಟ್ಟಿಯನ್ನು ಬೈಯಬೇಡಿ. ಪುಡಿಯಲ್ಲಿ ಬರುವ ಗೋಡೆಯ ಪುಟ್ಟಿ ಬಿಳಿ ಸಿಮೆಂಟಿನದು. ಗೋಡೆ ಅಲ್ಲಾಡುವುದಿಲ್ಲ, ಅಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ. ಕತ್ತಿ ಬೀಸಿದಾಗ ಬಳುಕುತ್ತದೆ, ಸಿಮೆಂಟಿಗೆ ಬಳುಕಲು ಬರುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನದೂ ಇದೇ ಕಥೆ. ಅದು ಇನ್ನೂ ಪೆಡಸು, ಭಾರ, ಕಲಸಲು ನೀರೂ ಜಾಸ್ತಿ ಬೇಕು. ರಟ್ಟಿಗೆ ಅದನ್ನು ನಾನು ಬಳಸುವುದೇ ಇಲ್ಲ.

ಎಂ-ಸೀಲ್ ಒಳ್ಳೆಯ ವಸ್ತು. ಆದರೆ ಇಡೀ ಕತ್ತಿಗೆ ಮೆತ್ತುವುದಕ್ಕಲ್ಲ. ಎರಡು ಮುದ್ದೆ ಬೆರೆಸಿ ಬಳಸುವ ಎಪಾಕ್ಸಿ ಅದು, ಕಲ್ಲಿನಷ್ಟು ಗಟ್ಟಿಯಾಗುತ್ತದೆ, ತೂಕ ಏರುತ್ತದೆ. ಹಿಡಿಕೆ ಮತ್ತು ಅಲಗು ಸೇರುವ ಕಡೆ ಬಿಗಿ ಬೇಕಾದರೆ ಒಂದಿಷ್ಟು ಹಾಕಿ. ಹಸಿ ಇರುವಾಗ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೈಗೆ ಗ್ಲೌಸ್ ಇರಲಿ, ಮಕ್ಕಳ ಕೈಗೆ ಕೊಡಬೇಡಿ. ಕಾರಿನ ಪುಟ್ಟಿ ಬೇಡವೇ ಬೇಡ. ನುಣುಪು ಬರುತ್ತದೆ ನಿಜ, ಆದರೆ ಅದರ ಘಾಟು ತರಗತಿಯ ಕೋಣೆಯಲ್ಲಿ ಇರಬೇಕಾದ್ದಲ್ಲ. ಅದರ ಜೊತೆ ಬಳಸುವ ಥಿನ್ನರಿಗೆ ಬೆಂಕಿ ಬೇಗ ಹತ್ತುತ್ತದೆ.

ಹಾಗಾದರೆ ಏನು ಮಾಡಬೇಕು? ಕಾಗದದ ಮೈ, ಅದರ ಮೇಲೆ ಸೀಮೆಸುಣ್ಣದ ಪುಡಿ ಮತ್ತು ಫೆವಿಕಾಲ್ ಕಲಸಿದ ಲೇಪ. ಎರಡೂ ಬೇಲೂರಿನ ಪೇಟೆಯಲ್ಲೇ ಸಿಗುತ್ತವೆ, ಎರಡೂ ಕಡಿಮೆ ಖರ್ಚಿನವು.

ಮೊದಲು ಅಂಚು. ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಹಾಗಾಗಿ ಇಲ್ಲಿ ಆತುರ ಬೇಡ. ಅಂಚಿನ ತೂತುಗಳನ್ನು ಲೇಪದಿಂದ ತುಂಬಿಸಲು ಹೋಗಬೇಡಿ. ಎಷ್ಟು ತುಂಬಿದರೂ ಒಣಗಿದಾಗ ಒಳಕ್ಕೆ ಇಳಿಯುತ್ತದೆ. ತೂತಿನ ಅಂಚನ್ನು ಬೆರಳಿನಿಂದ ಒತ್ತಿ ಸ್ವಲ್ಪ ಚಪ್ಪಟೆ ಮಾಡಿ. ಹಾಗೆ ಮಾಡಿದರೆ ಅಲಗಿನ ಅಂಚು ತೆಳುವಾಗಿ ನಿಜವಾದ ಕತ್ತಿಯ ಹಾಗೂ ಕಾಣುತ್ತದೆ. ಆಮೇಲೆ ಎರಡು ಬೆರಳಗಲದ ಕಾಗದದ ಪಟ್ಟಿಗಳನ್ನು ಅಂಚಿನ ಮೇಲೆ ಮಡಿಸಿ ಎರಡೂ ಮಗ್ಗುಲಿಗೆ ಅಂಟಿಸಿ. ನೇರವಾದ ಕಡೆ ಉದ್ದನೆಯ ಪಟ್ಟಿ ಸಾಕು. ತಿರುವಿರುವ ಕಡೆ ಗೇಣುದ್ದದ ಪಟ್ಟಿ ಹಾಕಿದರೆ ನೆರಿಗೆ ಬೀಳುತ್ತದೆ, ಅಲ್ಲಿ ಬೆರಳುದ್ದದ ತುಂಡುಗಳನ್ನು ಒಂದರ ಮೇಲೊಂದು ಸ್ವಲ್ಪ ಹತ್ತಿಸಿ ಅಂಟಿಸಬೇಕು. ಪೇಂಟರುಗಳು ಬಳಸುವ ಮಾಸ್ಕಿಂಗ್ ಟೇಪ್ ಇದ್ದರೆ ಕೆಲಸ ಬೇಗ ಆಗುತ್ತದೆ. ಹೊಳೆಯುವ ಸೆಲ್ಲೋ ಟೇಪ್ ಮಾತ್ರ ಹಾಕಬೇಡಿ, ಅದರ ಮೇಲೆ ಅಂಟೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ.

ಆಮೇಲೆ ಅಲಗಿನ ಅಗಲವಾದ ಜಾಗ. ಇದಕ್ಕೆ ಎರಡು ದಾರಿ. ಹೊಸ ಶರಟಿನ ಡಬ್ಬದ ತೆಳು ರಟ್ಟು ಇರುತ್ತದಲ್ಲ, ಒಳಗೆ ಅಲೆ ಇಲ್ಲದ್ದು, ಅದನ್ನು ಅಲಗಿನ ಆಕಾರಕ್ಕೆ ಕತ್ತರಿಸಿ ಎರಡೂ ಮಗ್ಗುಲಿಗೆ ಅಂಟಿಸುವುದು ಒಂದು. ಗೆರೆ ಒಂದೇ ಏಟಿಗೆ ಮಾಯವಾಗುತ್ತದೆ. ನಿಮ್ಮಂಥ ಚಪ್ಪಟೆ ಕತ್ತಿಗೆ ಇದೇ ಸುಲಭ. ಅಂಟನ್ನು ತೆಳುವಾಗಿ ಸವರಿ, ಮೇಲೆ ಕೆಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಎರಡು ಹಲಗೆಗಳ ನಡುವೆ ಒತ್ತಿ, ಇಟ್ಟಿಗೆ ಹೇರಿ ರಾತ್ರಿ ಬಿಡಿ. ಬೆಳಗ್ಗೆ ಪ್ಲಾಸ್ಟಿಕ್ ತೆಗೆದು ಗಾಳಿಗೆ ಇಡಿ. ಸಿಹಿತಿಂಡಿಯ ಡಬ್ಬ ಬೇಡ, ತುಪ್ಪದ ಜಿಡ್ಡು ಕುಡಿದ ಕಡೆ ಅಂಟು ಹಿಡಿಯುವುದಿಲ್ಲ.

ಇನ್ನೊಂದು ದಾರಿ ಕಾಗದದ ಚೂರುಗಳದು. ಗದೆ, ಗುರಾಣಿ, ಕಿರೀಟದಂಥ ಉಬ್ಬುತಗ್ಗಿನ ಸಾಮಾನಿಗೆ ಇದೇ ಬೇಕು. ದಿನಪತ್ರಿಕೆಯನ್ನು ಕೈಯಲ್ಲಿ ಹರಿಯಿರಿ, ಕತ್ತರಿ ಹಾಕಬೇಡಿ. ಕತ್ತರಿಸಿದ ಅಂಚು ಮೆಟ್ಟಿಲಿನ ಹಾಗೆ ನಿಲ್ಲುತ್ತದೆ, ಬಣ್ಣ ಹಚ್ಚಿದ ಮೇಲೂ ಕಾಣುತ್ತದೆ. ಹರಿದ ಅಂಚಿನ ನಾರು ತೆಳುವಾಗಿ ಪಕ್ಕದ ಚೂರಿನೊಳಗೆ ಸೇರಿಕೊಳ್ಳುತ್ತದೆ. ಒಂದು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು. ಚೂರನ್ನು ಅಂಟಿನಲ್ಲಿ ಮುಳುಗಿಸಬೇಡಿ. ಬ್ರಷ್‌ನಿಂದ ಸವರಿ, ಹಚ್ಚಿ, ಹೆಬ್ಬೆರಳಿನಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಗಾಳಿ ಮತ್ತು ಹೆಚ್ಚಿನ ಅಂಟನ್ನು ತಳ್ಳಿ. ಎರಡು ಪದರ ಸಾಕು. ನುಣುಪಾದ ಕ್ಯಾಲೆಂಡರ್ ಹಾಳೆ ಅಂಟು ಕುಡಿಯುವುದಿಲ್ಲ, ಅದನ್ನು ಬಿಡಿ.

ಫೆವಿಕಾಲ್ ದುಬಾರಿ ಅನ್ನಿಸಿದರೆ ಮೈದಾ ಅಂಟು ಅಥವಾ ಹುಣಸೆ ಬೀಜದ ಅಂಟು ಬಳಸಬಹುದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟಿನಿಂದಲೇ ಎಂಥ ಕೆಲಸ ಮಾಡುತ್ತಾರೆ ನೋಡಿ. ಇವುಗಳ ತೊಂದರೆ ಒಂದೇ, ಜಿರಳೆಗೂ ಹುಳಕ್ಕೂ ಇಷ್ಟ. ಅದಕ್ಕೆ ಪುಸ್ತಕ ಕಟ್ಟುವವರು ಮೈದಾ ಅಂಟಿಗೆ ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್, ಬೆರೆಸುತ್ತಿದ್ದರು. ನಮ್ಮ ಕಡೆ ಗಿಡಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ ತೋಟದ ಮನೆಗಳಲ್ಲಿ ಇದ್ದೇ ಇರುತ್ತದೆ. ಮಕ್ಕಳು ಹಿಡಿಯುವ ಸಾಮಾನಿಗೆ ಅದನ್ನು ದಯವಿಟ್ಟು ಹಾಕಬೇಡಿ, ಅದು ವಿಷ.

ಒಣಗಿಸುವುದರ ಬಗ್ಗೆ ಒಂದು ಮಾತು, ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಡಿಸೆಂಬರಿನಲ್ಲಿ ಬೆಳಗ್ಗೆ ಮಂಜು ಬೀಳುವಾಗ ಹೊರಗೆ ಇಡಬೇಡಿ, ಒಣಗಿದ ಕಾಗದವೂ ತೇವ ಎಳೆದುಕೊಳ್ಳುತ್ತದೆ. ಬಿಸಿಲು ಬಂದ ಮೇಲೂ ನೇರ ಬಿಸಿಲಿಗೆ ಮಲಗಿಸಬೇಡಿ, ಒಂದು ಮಗ್ಗುಲು ಬೇಗ ಒಣಗಿ ಮತ್ತೆ ಬಾಗುತ್ತದೆ. ಹಿಡಿಕೆಗೆ ದಾರ ಕಟ್ಟಿ ವರಾಂಡದಲ್ಲಿ ನೇತುಹಾಕಿ, ಎರಡೂ ಕಡೆ ಗಾಳಿಯಾಡಲಿ. ಕಾಫಿ ಕಣ ನೋಡಿ ಬೆಳೆದ ಮಕ್ಕಳಿಗೆ ಗೊತ್ತಿರುತ್ತದೆ, ಮೇಲೆ ಒಣಗಿದ್ದೆಲ್ಲ ಒಳಗೂ ಒಣಗಿರುವುದಿಲ್ಲ. ಕತ್ತಿಯನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ, ಅದು ಆರುತ್ತಾ ಮೈಯನ್ನು ತಂಪು ಮಾಡುತ್ತಿದೆ. ಕೋಣೆಯಷ್ಟೇ ಬೆಚ್ಚಗಿದ್ದರೆ ಮುಂದಿನ ಕೆಲಸಕ್ಕೆ ಕೈ ಹಾಕಿ.

ಈಗ ಲೇಪ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಚಾಕ್ ಪೌಡರನ್ನು ಜರಡಿ ಹಿಡಿದು, ಎರಡು ಪಾಲು ಪುಡಿಗೆ ಒಂದು ಪಾಲು ಫೆವಿಕಾಲ್ ಹಾಕಿ, ನೀರು ಚೂರುಚೂರೇ ಸೇರಿಸಿ ಕಲಸಿ. ಚಮಚದಿಂದ ಎತ್ತಿದರೆ ಧಾರೆಯಾಗಿ ಹರಿಯಬಾರದು, ದಪ್ಪಗೆ ಜಾರಿ ಬೀಳಬೇಕು. ಇಲ್ಲಿ ಫೆವಿಕಾಲ್ ಜಾಸ್ತಿಯಾದರೆ ಒಣಗಿದ ಮೇಲೂ ರಬ್ಬರಿನ ಗುಣ ಉಳಿಯುತ್ತದೆ. ತಿಕ್ಕುವಾಗ ಬಿಸಿಯಾಗಿ ಉಂಡೆಗಟ್ಟಿ ಸ್ಯಾಂಡ್‌ಪೇಪರಿಗೆ ಮೆತ್ತಿಕೊಳ್ಳುತ್ತದೆ. ಕಡಿಮೆಯಾದರೆ ಕೈಗೆ ಪುಡಿ ಹತ್ತುತ್ತದೆ. ಮೊದಲು ಒಂದು ರಟ್ಟಿನ ತುಂಡಿನ ಮೇಲೆ ಸವರಿ, ಒಣಗಿಸಿ, ಬಗ್ಗಿಸಿ, ತಿಕ್ಕಿ ನೋಡಿ. ಬಿರುಕು ಬಿಟ್ಟರೆ ಸ್ವಲ್ಪ ಅಂಟು ಸೇರಿಸಿ, ಉಂಡೆಗಟ್ಟಿದರೆ ಸ್ವಲ್ಪ ಪುಡಿ ಸೇರಿಸಿ. ಕಲಸುವುದು ಬೇಡ ಅನ್ನುವವರು ಡಬ್ಬದಲ್ಲಿ ಕಲಸಿಯೇ ಬರುವ ಅಕ್ರಿಲಿಕ್ ಪುಟ್ಟಿ ತರಬಹುದು. ಸಿಮೆಂಟ್ ಪುಟ್ಟಿಗಿಂತ ಅದು ಬಳುಕನ್ನು ತಾಳುತ್ತದೆ. ಆದರೂ ದಪ್ಪ ಬಳಿದರೆ ಅದೂ ಬಿರಿಯುತ್ತದೆ.

ಹಳೇ ಎಟಿಎಂ ಕಾರ್ಡಿನಿಂದ ತೆಳುವಾಗಿ ಎಳೆಯಿರಿ. ಕೆಳಗಿನ ಕಾಗದ ಅಲ್ಲಲ್ಲಿ ಇಣುಕುವಷ್ಟು ತೆಳು. ದಪ್ಪ ಬಳಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಅನ್ನಿಸುತ್ತದೆ, ಆದರೆ ಮೇಲಿನ ಪದರ ಮೊದಲು ಒಣಗಿ ಒಳಗಿನ ಪದರ ಕುಗ್ಗುವಾಗ ಬಿರಿಯುತ್ತದೆ. ಎರಡು ತೆಳು ಕೈ, ಎರಡೂ ಮಗ್ಗುಲಿಗೆ, ನಡುವೆ ಒಂದು ದಿನ ಬಿಡುವು.

ತಿಕ್ಕುವ ಸಮಯ ಈಗ ಬಂತು. ಸ್ಯಾಂಡ್‌ಪೇಪರನ್ನು ಬರೀ ಬೆರಳಿನಲ್ಲಿ ಹಿಡಿಯಬೇಡಿ, ಬೆರಳಿನ ಆಕಾರದ ಗುಳಿ ಬೀಳುತ್ತದೆ. ಚಪ್ಪಟೆ ಮರದ ತುಂಡಿಗೆ ಸುತ್ತಿ ಹಿಡಿಯಿರಿ. ಮೊದಲು 120, ಆಮೇಲೆ 220, ಕೊನೆಗೆ 320. ನೀರು ಹಾಕಿ ತಿಕ್ಕುವ ಪದ್ಧತಿ ಕಾರಿಗೆ ಸರಿ, ರಟ್ಟಿಗೆ ಬೇಡ.

ತಿಕ್ಕುವ ಮೊದಲು ಇನ್ನೊಂದು ಕೆಲಸ ಮಾಡಿ, ಮಕ್ಕಳಿಗೂ ಇದು ಬಹಳ ಇಷ್ಟವಾಗುತ್ತದೆ. ಒಣಗಿದ ಬಿಳಿ ಲೇಪದ ಮೇಲೆಲ್ಲ ಪೆನ್ಸಿಲಿನಿಂದ ಹಗುರವಾಗಿ ಗೀಚಿಬಿಡಿ. ಈಗ ತಿಕ್ಕಿ. ಉಬ್ಬಿದ ಕಡೆ ಪೆನ್ಸಿಲ್ ಗೆರೆ ಮೊದಲು ಅಳಿಸಿಹೋಗುತ್ತದೆ. ತಗ್ಗಿನಲ್ಲಿ ಬೂದು ಗೆರೆ ಹಾಗೇ ಉಳಿಯುತ್ತದೆ. ಉಳಿದ ಕಡೆ ಮಾತ್ರ ಮತ್ತೊಂದಿಷ್ಟು ಲೇಪ. ಸಂಜೆ ದೀಪ ಆರಿಸಿ, ಮೊಬೈಲಿನ ಟಾರ್ಚನ್ನು ಅಲಗಿನ ಪಕ್ಕದಲ್ಲೇ ಮಲಗಿಸಿ ಹಿಡಿದರೆ, ಹಗಲಿನಲ್ಲಿ ಕಣ್ಣಿಗೆ ಬೀಳದ ಅಲೆಯ ನೆರಳೂ ಕಾಣುತ್ತದೆ. ವೇದಿಕೆಯ ಪಕ್ಕದ ಲೈಟು ಮಾಡುವುದೂ ಇದನ್ನೇ. ಲೇಪದ ಕೆಳಗಿನ ಕಾಗದ ಕಾಣತೊಡಗಿದರೆ ಅಲ್ಲಿಗೆ ನಿಲ್ಲಿಸಿ, ಇನ್ನೆರಡು ಉಜ್ಜು ಹಾಕಿದರೆ ಜುಂಗು ಏಳುತ್ತದೆ. ಈ ಕೆಲಸ ಹೊರಗೆ ಕೂತು ಮಾಡಿ, ಮೂಗಿಗೆ ಮಾಸ್ಕ್ ಇರಲಿ. ಧೂಳನ್ನು ಊದಬೇಡಿ, ಒದ್ದೆ ಬಟ್ಟೆ ಹಿಂಡಿ ಒರೆಸಿ.

ಎಷ್ಟು ನುಣುಪು ಬೇಕು ಅನ್ನುವುದನ್ನೂ ಯೋಚಿಸಿ. ಸೈನಿಕರ ಕತ್ತಿಯನ್ನು ಯಾರೂ ಹತ್ತಿರದಿಂದ ನೋಡುವುದಿಲ್ಲ. ಅವಕ್ಕೆ ಅಂಚು ಮುಚ್ಚಿ, ಶರಟಿನ ರಟ್ಟು ಅಂಟಿಸಿ, ಒಂದು ಕೈ ಲೇಪ ಕೊಟ್ಟರೆ ಧಾರಾಳವಾಯಿತು. ಪೂರ್ತಿ ಶ್ರಮವನ್ನು ಸಳನ ಕತ್ತಿಗೆ ಇಡಿ, ಕಥೆ ನಿಂತಿರುವುದೇ ಅವನ ಮೇಲೆ ಅಲ್ವಾ. ಮಕ್ಕಳನ್ನು ಒಂದು ಸಲ ಬೇಲೂರಿನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಬಾಗಿಲ ಬಳಿಯ ಸಳನ ಶಿಲ್ಪ ತೋರಿಸಿ. 1117ರ ಗುಡಿ ಅದು. ಬಳಪದ ಕಲ್ಲಿನಲ್ಲಿ ಎಲ್ಲಿ ನುಣುಪು ಬಿಟ್ಟಿದ್ದಾರೆ, ಎಲ್ಲಿ ಕುಸುರಿ ತುಂಬಿದ್ದಾರೆ ಅಂತ ಅವರೇ ನೋಡಲಿ. ಅಲಗು ಬೋಳಾಗಿದ್ದು ಹಿಡಿಕೆ ತುಂಬ ಕೆಲಸ ಇದ್ದರೆ ಕತ್ತಿಗೆ ಎಷ್ಟು ಕಳೆ ಬರುತ್ತದೆ ಅನ್ನುವುದು ಆಮೇಲೆ ಹೇಳಿಕೊಡಬೇಕಾಗಿಲ್ಲ. ಹಿಡಿಕೆಯ ಕುಸುರಿಗೆ ಅದೇ ಲೇಪವನ್ನು ಸ್ವಲ್ಪ ಗಟ್ಟಿ ಕಲಸಿ, ಮೆಹಂದಿ ಕೋನಿನಲ್ಲಿ ತುಂಬಿ ಬಳ್ಳಿ, ಚುಕ್ಕೆ ಬಿಡಿಸಿ. ನಿಮ್ಮ ತರಗತಿಯಲ್ಲಿ ಮೆಹಂದಿ ಹಾಕುವ ಹುಡುಗಿಯರು ಇದನ್ನು ನಮಗಿಂತ ಚೆನ್ನಾಗಿ ಮಾಡುತ್ತಾರೆ. ಹಿಡಿಯುವ ಜಾಗಕ್ಕೆ ಸೆಣಬಿನ ಹುರಿ ಒತ್ತಾಗಿ ಸುತ್ತಿ. ಬೆವರಿದ ಕೈಯಿಂದಲೂ ಜಾರುವುದಿಲ್ಲ.

ಬಣ್ಣಕ್ಕೆ ಮುಂಚೆ ಒಂದು ತೆಳು ಕೈ ಪ್ರೈಮರ್ ಬೇಕೇಬೇಕು. ತಿಕ್ಕಿದ ಲೇಪ ಬಣ್ಣವನ್ನು ಒಂದೊಂದು ಕಡೆ ಒಂದೊಂದು ರೀತಿ ಕುಡಿದು ತೇಪೆ ತೇಪೆಯಾಗಿ ಕಾಣುತ್ತದೆ. ಗೋಡೆಗೆ ಹಚ್ಚುವ ನೀರಿನ ಪ್ರೈಮರ್ ಸಾಕು. ಮರಕ್ಕೆ ಹಚ್ಚುವ ಫ್ರೆಂಚ್ ಪಾಲಿಷ್, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಇನ್ನೂ ಚೆನ್ನ. ಅದರಲ್ಲಿ ನೀರಿಲ್ಲ, ಆದ್ದರಿಂದ ಕಾಗದ ಹಿಗ್ಗುವುದಿಲ್ಲ, ಬೇಗ ಒಣಗುತ್ತದೆ. ಆದರೆ ಬೆಂಕಿಯ ಹತ್ತಿರ ಇಡುವಂತಿಲ್ಲ, ಅದನ್ನು ನೀವೇ ಬಯಲಿನಲ್ಲಿ ಹಚ್ಚಿ.

ಸಿಲ್ವರ್ ಬಣ್ಣ ಬೆಳಕನ್ನು ಎಸೆಯುತ್ತದೆ, ಹಾಗಾಗಿ ಒಂದು ಸಣ್ಣ ತಗ್ಗನ್ನೂ ಬಚ್ಚಿಡುವುದಿಲ್ಲ. ಅದನ್ನು ಮೊದಲ ಬಣ್ಣ ಮಾಡಬೇಡಿ. ಮೊದಲು ಹೊಳಪಿಲ್ಲದ ಕಪ್ಪು ಅಕ್ರಿಲಿಕ್ ಪೂರ್ತಿ ಹಚ್ಚಿ. ಒಣಗಿದ ಮೇಲೆ ಬ್ರಷ್ಷನ್ನು ಸಿಲ್ವರ್‌ನಲ್ಲಿ ಅದ್ದಿ, ಹಳೇ ಪೇಪರಿನ ಮೇಲೆ ಒರೆಸಿ ಒರೆಸಿ ಬಣ್ಣ ಬಹುತೇಕ ಹೋಗುವವರೆಗೆ ಒಣಗಿಸಿ, ಆ ಬ್ರಷ್‌ನಿಂದ ಅಲಗಿನ ಉದ್ದಕ್ಕೆ ಎಳೆಯಿರಿ. ಒಂದೊಂದು ಎಳೆತಕ್ಕೂ ಕಪ್ಪಿನಿಂದ ಉಕ್ಕಿನ ಬಣ್ಣ ಮೇಲೆ ಬರುತ್ತದೆ. ಅಂಚಿಗೆ 6ಬಿ ಪೆನ್ಸಿಲಿನ ಪುಡಿಯನ್ನು ಬೆರಳಿನಿಂದ ಉಜ್ಜಿದರೆ ಮಸೆದ ಕತ್ತಿಯ ಹೊಳಪು ಬರುತ್ತದೆ. ಮೇಲೆ ವಾರ್ನಿಷ್ ಹಾಕುವುದಾದರೆ ಹೊಳಪಿಲ್ಲದ್ದನ್ನೇ ತನ್ನಿ. ಸ್ಪ್ರೇ ಡಬ್ಬ ಬಳಸುವುದಾದರೆ ಒಂದು ಎಚ್ಚರ. ಗದೆಗೋ ಕಿರೀಟಕ್ಕೋ ಥರ್ಮಾಕೋಲ್ ಹಾಕಿದ್ದರೆ ಸ್ಪ್ರೇಯಲ್ಲಿರುವ ದ್ರಾವಕ ಅದನ್ನು ಕರಗಿಸಿಬಿಡುತ್ತದೆ. ಮೇಲೆ ಕಾಗದ ಮತ್ತು ಲೇಪ ಪೂರ್ತಿ ಮುಚ್ಚಿರಬೇಕು.

ಇಷ್ಟೆಲ್ಲ ಆದ ಮೇಲೆ ಅದು ಮೆತ್ತನೆಯ ರಟ್ಟಾಗಿ ಉಳಿದಿರುವುದಿಲ್ಲ, ಇದು ನೆನಪಿರಲಿ. ಲೇಪ ಕುಡಿದ ಅಂಚು ಗಟ್ಟಿ ಇರುತ್ತದೆ, ಕಣ್ಣಿಗೆ ತಾಗಿದರೆ ಅಪಾಯ. ಲೇಪ ಹಾಕುವ ಮೊದಲೇ ತುದಿಯನ್ನು ಒಂದು ರೂಪಾಯಿ ನಾಣ್ಯದ ಅಂಚಿನಷ್ಟು ದುಂಡಗೆ ಕತ್ತರಿಸಿ. ದೂರದಿಂದ ಅದು ಚೂಪಾಗಿಯೇ ಕಾಣುತ್ತದೆ. ಬಲಕ್ಕೆಂದು ಒಳಗೆ ಅಡಿಕೆ ದಬ್ಬೆ ಇಡುವವರಿದ್ದಾರೆ. ಇಡುವುದಾದರೆ ಅದರ ಕೊನೆ ಕತ್ತಿಯ ತುದಿಗಿಂತ ನಾಲ್ಕು ಬೆರಳು ಕೆಳಗೇ ನಿಲ್ಲಲಿ, ಕೊನೆಗೆ ಬಟ್ಟೆ ಸುತ್ತಿರಲಿ. ಮುರಿದ ದಬ್ಬೆಯ ಸಿಗುರು ರಟ್ಟನ್ನು ತೂರಿಕೊಂಡು ಹೊರಗೆ ಬರುತ್ತದೆ. ಕಾಳಗದ ದೃಶ್ಯದಲ್ಲಿ ಏಟು ಮೈಗೆ ತಾಗದ ಹಾಗೆ, ಮುಖದ ಎತ್ತರಕ್ಕೆ ಏರದ ಹಾಗೆ ಕಲಿಸಿ.

ಈಗ ನಿಮ್ಮ ಆರು ಕತ್ತಿಗಳು. ಜುಂಗೆದ್ದವಕ್ಕೆ ಒಂದು ಪಾಲು ಫೆವಿಕಾಲ್, ಮೂರು ಪಾಲು ನೀರಿನ ತೆಳು ಕೈಯನ್ನು ಎರಡೂ ಮಗ್ಗುಲಿಗೆ ಕೊಟ್ಟು, ಹಲಗೆಯ ನಡುವೆ ಒಣಗಿಸಿ, ಅಂಚಿನಿಂದ ಶುರುಮಾಡಿ. ಸಿಲ್ವರ್ ಹಚ್ಚಿದ್ದರ ಬಣ್ಣ ಕೆರೆಯಲು ಹೋಗಬೇಡಿ. ಹೊಳಪು ಹೋಗುವಷ್ಟು ಹಗುರವಾಗಿ 220 ಆಡಿಸಿ, ಎರಡೂ ಕಡೆ ಶರಟಿನ ರಟ್ಟು ಅಂಟಿಸಿದರೆ ಅದು ಹೊಸದೇ. ಪುಟ್ಟಿ ಉದುರಿದ್ದನ್ನು ಮತ್ತೆ ತೇಪೆ ಹಾಕಬೇಡಿ, ಹಿಡಿತವಿಲ್ಲದ ಪದರದ ಮೇಲೆ ಏನು ಕಟ್ಟಿದರೂ ಅದರ ಜೊತೆಗೇ ಬರುತ್ತದೆ. ಉಳಿದ ಚಕ್ಕೆಯನ್ನು ಕೈಯಿಂದ ಎಬ್ಬಿಸಿ ತೆಗೆದು, ಬಾಗಿದ್ದರೂ ಪರವಾಗಿಲ್ಲ, ಅಭ್ಯಾಸಕ್ಕೆ ಕೊಡಿ. ಸಳನ ಹುಡುಗ ಅದರಲ್ಲೇ ಬೀಸಿ ಕಲಿಯಲಿ. ಬಣ್ಣ ಹಚ್ಚಿದ ಕತ್ತಿ ಕೊನೆಯ ಅಭ್ಯಾಸದ ದಿನ ಅವನ ಕೈಗೆ ಬಂದರೆ ಸಾಕು.